ಇಕ್ಕಾವು ವಾರಸ್ಯಾರರ ಕಿವಿಗೆ ಹಾಕದ ಸುದ್ದಿ

ಎಳಮನಕ್ಕರ ತೃಕ್ಕೋವಿಲ್ ದೇವಸ್ಥಾನದ ಒಳಸುತ್ತಿನ ಬಾಗಿಲು ದಾಟಿದ ಕೂಡಲೇ ಎಡಕ್ಕೊಂದು ಕಲ್ಲಿನ ಜಗಲಿ ಇದೆ. ನನ್ನ ಅಮ್ಮನ ಅಮ್ಮನ ತಂಗಿ ಇಕ್ಕಾವು ವಾರಸ್ಯಾರ್ ಒಂಬತ್ತನೇ ವಯಸ್ಸಿಗೆ ಆ ಜಗಲಿಯ ಮೂಲೆಯಲ್ಲಿ ಕೂತವರು. ಎಪ್ಪತ್ತೇಳು ತುಂಬುವವರೆಗೂ ಅಲ್ಲೇ ಕೂತು ಕೃಷ್ಣನಿಗೆ ಮಾಲೆ ಕಟ್ಟಿದರು; ನಮ್ಮ ವಾರಿಯರ್ ಮನೆತನದ ಪಾಲಿನ ಕೆಲಸ ಅದು, ಹೆಂಗಸರನ್ನು ವಾರಸ್ಯಾರ್ ಎನ್ನುತ್ತಾರೆ. ಹಿಂದೆಯೇ ಕಂಬವಿದ್ದರೂ ಅದಕ್ಕೆ ಬೆನ್ನು ಒರಗಿಸಿದ್ದನ್ನು ಊರಲ್ಲಿ ಯಾರೂ ನೋಡಿಲ್ಲ.

ನಮ್ಮ ದೇವರಿಗೆ ನೂಲು ಸೇರುವುದಿಲ್ಲ. ಬಾಳೆದಿಂಡಿನ ಪದರ ಸೀಳಿ, ಒಣಗಿಸಿ, ಹಿಂದಿನ ಸಂಜೆಯೇ ನೆನೆಹಾಕಿದ ನಾರಿನಲ್ಲಿ ತುಳಸಿ, ಕೇಪಳ, ನಂದಿಬಟ್ಟಲು ಸೇರಿಸಿ ಕಟ್ಟಬೇಕು. ಹೂವು ತೊಡೆಗೆ ತಾಗಬಾರದು, ಉಟ್ಟ ಬಟ್ಟೆಗೆ ತಾಗಬಾರದು, ಮೂಸಬಾರದು. ಎಂಜಲಿನ ಹನಿ ಹಾರೀತೆಂದು ಹೂವಿನ ಮೇಲೆ ಮಾತಾಡಲೂಬಾರದು. ಹಾಗಾಗಿ ಮುತ್ತಶ್ಶಿ, ಎಂದರೆ ಅಜ್ಜಿ, ನಾನು ಅವರನ್ನು ಕರೆಯುತ್ತಿದ್ದುದು ಹಾಗೆ, ಯಾರು ಮಾತಾಡಿಸಿದರೂ ಮುಖವನ್ನು ಗೋಡೆ ಕಡೆ ತಿರುಗಿಸಿ ಉತ್ತರ ಕೊಡುತ್ತಿದ್ದರು. ಬೆರಳು ಮಾತ್ರ ತಮ್ಮ ಪಾಡಿಗೆ ಗಂಟು ಹಾಕುತ್ತಲೇ ಇರುತ್ತಿದ್ದವು. ಊರಿನ ಅರ್ಧ ಜನಕ್ಕೆ ಅವರ ಬಲಗಿವಿಯ ಪರಿಚಯವೇ ಹೆಚ್ಚು.

ಅವರಿಗೆ ಮದುವೆಯಾಗಿತ್ತು. ನಮ್ಮಲ್ಲಿ ಗಂಡನೇ ಹೆಂಡತಿಯ ಮನೆಗೆ ಬರುವ ಕಾಲ ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ. ತ್ರಿಶ್ಶೂರಿನ ಕಡೆಯ ವಾರಿಯರೊಬ್ಬರು ಎರಡು ವರ್ಷ ಬಂದು ಹೋಗುತ್ತಿದ್ದರು, ಆಮೇಲೆ ಬರಲಿಲ್ಲ. ಮಕ್ಕಳಾಗಲಿಲ್ಲ. ಆದರೆ ಅವರ ಕೈಯಲ್ಲಿ ಬೆಳೆದ ಮಗು ಒಂದಿತ್ತು, ತಮ್ಮ ಶೂಲಪಾಣಿ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅಕ್ಕನಿಗೆ ಹದಿನಾಲ್ಕು. ದೇವಸ್ಥಾನದಿಂದ ಕೂಲಿಯೆಂದು ಸಿಗುವ ನೈವೇದ್ಯದ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ತಂದು, ಒಂದು ಹೊತ್ತಿನದನ್ನು ಎರಡು ಮಾಡಿ ಅವನನ್ನು ಓದಿಸಿದರು. ಅವನು ಪಾಲಿಟೆಕ್ನಿಕ್ ಮುಗಿಸಿ ಭಿಲಾಯಿಯ ಉಕ್ಕಿನ ಕಾರ್ಖಾನೆ ಸೇರಿದ. ಅಲ್ಲೇ ಮದುವೆ, ಅಲ್ಲೇ ಮನೆ.

ನಮ್ಮ ಮನೆತನದಲ್ಲಿ ಹುಟ್ಟಾದರೂ ಹನ್ನೆರಡು ದಿನ, ಸಾವಾದರೂ ಹನ್ನೆರಡು ದಿನ ದೇವಸ್ಥಾನದ ಒಳಗೆ ಕಾಲಿಡುವಂತಿಲ್ಲ. ಹುಟ್ಟಿನದು ವಾಲಾಯ್ಮ, ಸಾವಿನದು ಪುಲ. ಮುತ್ತಶ್ಶಿ ತಮ್ಮ ಆಯುಷ್ಯವನ್ನು ಈ ಹನ್ನೆರಡು ದಿನಗಳಲ್ಲೇ ಎಣಿಸುತ್ತಿದ್ದರು. ಹೆರಿಗೆಯಾಗಿ ನಾನು ಕಲ್ಲಿಕೋಟೆಯಿಂದ ಮಗುವನ್ನು ಎತ್ತಿಕೊಂಡು ಊರಿನ ಮನೆಗೆ ಬಂದಾಗ ಅವರು ಆಡಿದ ಮೊದಲ ಮಾತು ಅದೇ.

"ಬಂದ್ಯಾ ಕಳ್ಳಿ! ನಿನ್ನಮ್ಮ ಹುಟ್ಟಿದಾಗ ಹನ್ನೆರಡು ದಿನ ಕದ್ಲು, ನೀನು ಹುಟ್ಟಿ ಹನ್ನೆರಡು ಕದ್ದೆ, ಈಗ ಇವಳೂ ಕದ್ಲು. ಹೆಂಗಸರೆಲ್ಲ ಸೇರಿ ನನ್ನನ್ನ ದೇವರ ಹತ್ರ ಗೈರುಹಾಜರಿ ಮಾಡಿಸ್ತೀರಲ್ರೇ!"

ಹಾಗನ್ನುತ್ತಲೇ ನಿಳಳ ಪಾದವನ್ನು ಬೆರಳಲ್ಲಿ ಅಳೆದರು. ನಿಳ ನನ್ನ ಮಗಳು, ನಮ್ಮ ಹೊಳೆಯ ಹೆಸರು ಅವಳಿಗೆ.

ಮೊದಲೆಲ್ಲ ಇಂಥ ಹನ್ನೆರಡು ದಿನಗಳಲ್ಲಿ ಪಕ್ಕದ ಊರಿನಿಂದ, ನಮ್ಮಂತೆಯೇ ಮಾಲೆ ಕಟ್ಟುವ ಇನ್ನೊಂದು ಮನೆತನದ ಪಿಷಾರಸ್ಯಾರ್ ಒಬ್ಬರು ಬಂದು ಆ ಮೂಲೆಯಲ್ಲಿ ಕೂತು ಮಾಲೆ ಕಟ್ಟಿ ಹೋಗುತ್ತಿದ್ದರು. ನಿಳ ಹುಟ್ಟಿದಾಗ ಬಂದದ್ದೇ ಅವರ ಕೊನೆಯ ಸರದಿ. ಅದಾದ ತಿಂಗಳಿಗೆ ಅವರು ಮಂಡಿನೋವೆಂದು ತ್ರಿಶ್ಶೂರಿನ ಮಗಳ ಮನೆ ಸೇರಿದರು. ಇನ್ನೊಬ್ಬರಿರಲಿಲ್ಲ. ನನ್ನ ಅಮ್ಮ ಬೇರೆ ಊರಲ್ಲಿ ಟೀಚರ್. ನನಗೋ ನಾರು ಹಿಡಿದರೆ ಬೆರಳು ಕೊಯ್ದುಕೊಳ್ಳುತ್ತದೆ. ದೇವಸ್ಥಾನದ ಸಮಿತಿಯ ಕಾರ್ಯದರ್ಶಿ ಅಚ್ಯುತನ್ ನಾಯರ್ ಕೆಟ್ಟವರಲ್ಲ, ಆದರೆ ಅವರು ಸಂಕೋಚಪಡುತ್ತಲೇ ಒಂದು ದಿನ ಹೇಳಿ ಹೋಗಿದ್ದರು: "ನೀವಿರೋವರೆಗೂ ನೀವೇ, ವಾರಸ್ಯಾರೆ. ಹನ್ನೆರಡು ದಿನ ಮೂಲೆ ಖಾಲಿಯಾದ್ರೆ ಮಾತ್ರ ಒಟ್ಟಪ್ಪಾಲದಿಂದ ವ್ಯಾನಲ್ಲಿ ಮಾಲೆ ತರಿಸ್ಬೇಕಾಗತ್ತೆ. ಒಂದ್ಸಲ ಶುರುವಾದ್ರೆ ಅದನ್ನ ನಿಲ್ಲಿಸೋದು ನನ್ನ ಕೈಲಿಲ್ಲ. ಕಮಿಟಿ ಹುಡುಗರು ಈಗ್ಲೇ ಕೇಳ್ತಿದಾರೆ."

ಇದಾದ ಕೆಲವೇ ದಿನಕ್ಕೆ ಭಿಲಾಯಿಯಲ್ಲಿ ಶೂಲಪಾಣಿ ಅಮ್ಮಾವನ್ ಆಸ್ಪತ್ರೆ ಸೇರಿದರು. ಅಮ್ಮಾವನ್ ಎಂದರೆ ಸೋದರಮಾವ. ನನ್ನ ಅಮ್ಮನ ಮಾವನಾದರೂ ನಾವೆಲ್ಲ ಕರೆಯುವುದು ಹಾಗೆಯೇ. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು.

ನಮ್ಮ ಹಿರಿಯರು ಕಟ್ಟಿದ ಒಂದು ಕಟ್ಟಳೆ ಇದೆ. ಸತ್ತವರು ಸತ್ತ ಗಳಿಗೆಗೆ ಪುಲ ಹತ್ತುವುದಿಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಗೆ ಹತ್ತುತ್ತದೆ. ಕೇಳದವರಿಗೆ ಇಲ್ಲ. ಹನ್ನೆರಡು ದಿನವೂ ಕೇಳದೆ ಕಳೆದು ಆಮೇಲೆ ಕೇಳಿದರೆ ಕೊಳದಲ್ಲೊಂದು ಮುಳುಗು, ಅಲ್ಲಿಗೆ ಮುಗಿಯಿತು. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಸಭೆ ಸೇರದೆಯೇ ಊರು ಒಂದು ತೀರ್ಮಾನಕ್ಕೆ ಬಂದಿತ್ತು. ಅರ್ಚಕರಾದ ನಾರಾಯಣನ್ ತಿರುಮೇನಿ, ಅಚ್ಯುತನ್ ನಾಯರ್, ಹಾಲಿನವನು, ಎಲ್ಲರೂ. ಭಿಲಾಯಿಯಿಂದ ಏನೇ ಬಂದರೂ ಇಕ್ಕಾವು ವಾರಸ್ಯಾರರಿಗೆ ಹೇಳುವುದು ಹದಿಮೂರನೇ ದಿನ.

ಮುತ್ತಶ್ಶಿಗೂ ಅದು ಒಪ್ಪಿಗೆಯಿತ್ತು. ಒಪ್ಪಿಗೆ ಎಂದರೆ, ಅವರೇ ಒಂದು ಬೆಳಗ್ಗೆ ನಾರು ಸೀಳುತ್ತಾ ನನಗೆ ಹೇಳಿದರು: "ಭಿಲಾಯಿ ಫೋನು ಬಂದ್ರೆ ನನ್ನೆದುರು ಎತ್ಬೇಡ, ಮಗಳೇ. ಹಿತ್ತಲಿಗೆ ಹೋಗು."

"ಅವರು ಹೇಗಿದಾರೆ ಅಂತಾನಾದ್ರೂ ಕೇಳಲ್ವಾ ಮುತ್ತಶ್ಶಿ?"

"ಕೇಳಿದ್ರೆ ನೀನು ಹೇಳಿಬಿಡ್ತೀಯಲ್ಲ."

ನನಗೆ ಸಿಟ್ಟು ಬಂತು. ಹದಿನಾಲ್ಕನೇ ವಯಸ್ಸಿನಲ್ಲಿ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ ಸಾಯಲು ಬಿದ್ದಿರುವಾಗ ಕಿವಿ ಮುಚ್ಚಿಕೊಂಡು ಹೂ ಕಟ್ಟುವುದೇ? ನಾನು ಓದಿದವಳು, ಪುಲ, ವಾಲಾಯ್ಮ ಇವೆಲ್ಲ ನನ್ನ ತಲೆಗೆ ಹತ್ತುವುದಿಲ್ಲ ಎಂದುಕೊಂಡಿದ್ದವಳು. ಹೇಳಿಯೂ ಬಿಟ್ಟೆ. ಅವರು ಸೀಳಿದ ನಾರನ್ನು ಬೆಳಕಿಗೆ ಹಿಡಿದು ನೋಡಿದರು.

"ಆ ಮೂಲೆ ಹೋದ್ರೆ ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ, ಹೇಳು? ನಿನ್ನ ಕಲ್ಲಿಕೋಟೆ ಫ್ಲಾಟಿಗಾ?"



ಆ ಮೂರು ವಾರ ನಾನು ಪಟ್ಟ ಪಾಡು ಹೇಳತೀರದು. ಮೊದಲೇ ನನ್ನದು ಹೆದರುವ ಜೀವ. ಮಗು ಸೀನಿದರೆ ಥರ್ಮಾಮೀಟರ್, ಸೀನದಿದ್ದರೆ ಯಾಕೆ ಸೀನಲಿಲ್ಲ ಎಂಬ ಚಿಂತೆ. ಈಗ ಅದರ ಜೊತೆಗೆ ಫೋನು. ಅದು ಅಲುಗಿದಾಗಲೆಲ್ಲ ಹಿತ್ತಲಿಗೆ ಓಡಿ ಕೇಳಿಸಿಕೊಂಡು, ಮುಖಕ್ಕೆ ನೀರು ಚಿಮುಕಿಸಿ, ಏನೂ ಆಗಿಲ್ಲದವಳಂತೆ ಒಳಗೆ ಬರುತ್ತಿದ್ದೆ. ಮುತ್ತಶ್ಶಿ ತಲೆಯೆತ್ತುತ್ತಿರಲಿಲ್ಲ. ಆದರೆ ನಾನು ಹಿತ್ತಲಲ್ಲಿದ್ದಷ್ಟು ಹೊತ್ತೂ ಅವರ ಕೈ ನಿಂತಿರುತ್ತಿತ್ತು. ಅದನ್ನು ಕಿಟಕಿಯಿಂದ ಎರಡು ಸಲ ಕಂಡಿದ್ದೆ.

ನಿಳಳಿಗೆ ಆರು ತಿಂಗಳಾಯಿತು. ಕೃಷ್ಣನ ಎದುರು ಮೊದಲ ಅನ್ನ ತಿನ್ನಿಸಲು ದಿನ ಗೊತ್ತಾಯಿತು. ಬೆಳಗಿನ ಎರಡನೇ ಪೂಜೆಗೆ ಮುಂಚೆ, ಒಂಬತ್ತೂಮುಕ್ಕಾಲಕ್ಕೆ. ಅವಳಪ್ಪ ಸುದೀಪ್ ಕಲ್ಲಿಕೋಟೆಯಿಂದ ಬೆಳಗಿನ ರೈಲು ಹಿಡಿದು ಬರುವುದೆಂದಿತ್ತು. ದೇವಸ್ಥಾನದೊಳಗೆ ಫೋನು ತರಬಾರದು. ಆದರೆ ಅವನು ರೈಲು ಹತ್ತಿದನೋ ಇಲ್ಲವೋ, ಶೊರಣೂರಿನಲ್ಲಿ ಇಳಿದನೋ ಇಲ್ಲವೋ ಎಂಬ ಯೋಚನೆಯಲ್ಲಿ ನಾನು ಅದನ್ನು ಸದ್ದಡಗಿಸಿ ಸೀರೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಬಂದಿದ್ದೆ. ಅದೊಂದು ತಪ್ಪು. ಅದಕ್ಕಿಂತ ದೊಡ್ಡದನ್ನು ಆಮೇಲೆ ಮಾಡಿದೆ.

ಒಂಬತ್ತು ಗಂಟೆಗೆ ನಾನು ಜಗಲಿಯ ಅಂಚಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಮುತ್ತಶ್ಶಿಯ ಮುಂದೆ ಬಾಳೆಲೆಯ ಮೇಲೆ ಹೂವಿನ ಮೂರು ರಾಶಿಗಳು. ಆ ದಿನದ ದೊಡ್ಡ ಮಾಲೆ ಮುಗಿಯುತ್ತ ಬಂದಿತ್ತು, ಇನ್ನು ನಾಲ್ಕು ಕುಡಿ ಕಟ್ಟಿ ಎರಡು ತುದಿ ಸೇರಿಸುವುದಷ್ಟೇ ಬಾಕಿ.

"ಅದೇನೇ ಅದು ಚೀಲದಲ್ಲಿ?" ಗೋಡೆಗೆ ಮುಖ ಮಾಡಿ ಕೇಳಿದರು.

"ಚಮಚ. ಇಪ್ಪತ್ತು ನಿಮಿಷ ಕುದಿಸಿ ತಂದಿದೀನಿ."

"ದೇವರ ಅನ್ನಕ್ಕೆ ಕುದಿಸಿದ ಚಮಚಾನ? ಅವನನ್ನೂ ಒಂದ್ಸಲ ಕುದಿಸಿ ತೊಳೀಬೇಕಾಗಿತ್ತು."

"ಅನ್ನದ ಅಗುಳು ದೊಡ್ಡದಾಗಿರತ್ತೆ ಮುತ್ತಶ್ಶಿ. ಗಂಟ್ಲಿಗೆ ಸಿಕ್ಕೊಂಡ್ರೆ? ತಿರುಮೇನಿಗೆ ಚೆನ್ನಾಗಿ ಹಿಸುಕೋಕೆ ಹೇಳ್ತೀರಾ?"

"ನಿನ್ನ ಗಂಟ್ಲಿಗೂ ಅವರಪ್ಪನೇ ಹಾಕಿದ್ದು. ಇವತ್ತಿನವರೆಗೂ ಅದೊಂದು ಮುಚ್ಚಿದ್ದು ನಾನು ಕಂಡಿಲ್ಲ."

ನನಗೆ ನಗು ಬಂತು. ಮಗುವೂ ನಾನು ನಕ್ಕಿದ್ದಕ್ಕೆ ನಕ್ಕಿತು. ಆಗ ಫೋನು ಅಲುಗಿತು.

ಸುದೀಪನದೇ ಎಂದು ತಲೆ ತಗ್ಗಿಸಿ ಕಿವಿಗೆ ಹಿಡಿದೆ. ಅಮ್ಮನ ದನಿ. "ಶೂಲಪಾಣಿ ಅಮ್ಮಾವನ್ ಹೋದ್ರು. ಬೆಳಗ್ಗೆ ಐದಕ್ಕೆ. ಅಲ್ಲಿ ಉಸಿರು ಬಿಡ್ಬೇಡ. ಹದಿಮೂರನೇ ದಿನ..." ಎಂದವಳು ಒಮ್ಮೆಲೇ ನಿಲ್ಲಿಸಿದಳು. ಹಿಂದೆ ದೇವಸ್ಥಾನದ ವಾದ್ಯದವರಾದ ಮಾರಾರ್ ಶಂಖ ಊದಿದ್ದು ಅವಳಿಗೂ ಕೇಳಿಸಿರಬೇಕು. "ನೀನು ಎಲ್ಲಿದೀಯ? ಅಯ್ಯೋ, ಒಳಗಿದೀಯಾ?"

ನನ್ನನ್ನು ನಂಬಿ: ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಅಲ್ಲೇ ಕೂತಿರುತ್ತಿದ್ದೆ. ಇನ್ನರ್ಧ ಗಂಟೆ ಕೂತು, ಮಗುವಿಗೆ ಅನ್ನ ತಿನ್ನಿಸಿ, ಎಲ್ಲರಂತೆ ಕೈಮುಗಿದು ಹೋಗಬಹುದಿತ್ತು. ನಾನು ನಂಬದವಳಲ್ಲವೇ? ಆದರೆ ಕಾಲು ತಾನಾಗಿ ಎದ್ದಿತು. ಮಗುವನ್ನು ಎದೆಗವುಚಿಕೊಂಡು, ಬೆನ್ನು ದೇವರಿಗೆ ತೋರಿಸದಂತೆ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಎತ್ತರದ ಹೊಸ್ತಿಲು ದಾಟಿ ಹೊರಗೆ ಬಂದು ನಿಂತೆ. ಸೂತಕ ತಗುಲಿದ ನಮ್ಮ ಮನೆಯ ಹೆಂಗಸರು ನೂರಾರು ವರ್ಷಗಳಿಂದ ಹೇಗೆ ಹೊರಬರುತ್ತಿದ್ದರೋ ಹಾಗೆಯೇ. ಅಮ್ಮ ಬಂದದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದೆ. ಯಾರೂ ಕಲಿಸಿರಲಿಲ್ಲ.

ಹೊರಗೆ ನಿಂತ ಮೇಲೆ ಬುದ್ಧಿ ಬಂತು. ಒಳಗಿನ ಜಗಲಿಯಿಂದ ಈ ಹೊಸ್ತಿಲು ನೇರ ಕಾಣಿಸುತ್ತದೆ. ಮುತ್ತಶ್ಶಿ ಗೋಡೆ ಕಡೆ ತಿರುಗಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಮಗು... ಮಗು ಒದ್ದೆ ಮಾಡ್ಕೊಂಡ್ಳು," ಎಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು.

ಅವರ ಬೆರಳ ನಡುವೆ ಹಿಡಿದಿದ್ದ ತುಳಸಿಯ ಕುಡಿ ಅಲ್ಲೇ ಇತ್ತು. ಮಾರಾರರ ಇಡಕ್ಕೆ ವಾದ್ಯ ಒಳಗೆಲ್ಲೋ ನುಡಿಯುತ್ತಿತ್ತು. ಕೊನೆಗೆ ಅವರು ಆ ಕುಡಿಯನ್ನು ಮಾಲೆಗೆ ಸೇರಿಸದೆ ಎಲೆಯ ಮೇಲೆ ಇಟ್ಟರು. ಮಾಲೆಯನ್ನೂ ಇಟ್ಟರು. ನಾರಿನ ಎರಡು ತುದಿಗಳು ಎರಡು ಕಡೆಗೆ ಬಿದ್ದಿದ್ದವು.

ಗರ್ಭಗುಡಿಯಿಂದ ಹೊರಬಂದ ನಾರಾಯಣನ್ ತಿರುಮೇನಿ ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿದರು. ಅವರಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಹೊಸ್ತಿಲ ಒಳಗೆ ನಿಂತು ತಗ್ಗಿದ ದನಿಯಲ್ಲಿ ಹೇಳಿದರು:

"ವಾರಸ್ಯಾರೆ, ಯಾರೂ ಏನೂ ಹೇಳಿಲ್ಲ. ನಿಮ್ಮ ಕಿವಿಗೆ ಏನಾದ್ರೂ ಬಿತ್ತಾ? ಇಲ್ಲ. ಹುಡುಗಿ ಹೊರಗೆ ಹೋದ್ಲು, ಮಗು ಒದ್ದೆ ಮಾಡ್ಕೊಂಡಿದೆ. ಅಷ್ಟೇ ತಾನೆ ನಡೆದದ್ದು? ತುದಿ ಸೇರಿಸಿ. ಪೂಜೆಗೆ ಹೊತ್ತಾಯ್ತು."

"ಕಣ್ಣಿಗೆ ಬಿತ್ತಲ್ಲ ತಿರುಮೇನಿ."

"ಶಾಸ್ತ್ರದಲ್ಲಿ ಕಣ್ಣಿನ ಮಾತಿಲ್ಲ. ಕೇಳಿದ್ರೆ ಅಂತ ಇರೋದು."

ಅಷ್ಟರಲ್ಲಿ ಅಚ್ಯುತನ್ ನಾಯರೂ ಬಂದರು. ಅವರು ನನ್ನತ್ತ ಕೈಯಾಡಿಸಿ, ಏನೂ ಬಾಯಿಬಿಡಬೇಡ ಎಂಬಂತೆ ಸನ್ನೆ ಮಾಡಿದರು. "ವಾರಸ್ಯಾರೆ, ಯೋಚನೆ ಮಾಡಿ. ಇವತ್ತು ಎದ್ರೆ ವ್ಯಾನ್ ಬರತ್ತೆ. ನಾನು ಮೊದ್ಲೇ ಹೇಳಿದೀನಿ. ಇನ್ನು ಹನ್ನೆರಡು ದಿನ, ನಾವ್ಯಾರೂ ತುಟಿ ಬಿಚ್ಚಲ್ಲ. ಇಡೀ ಊರು ನಿಮ್ಮ ಕಡೆಗಿದೆ."

ಮುತ್ತಶ್ಶಿ ಗೋಡೆ ಕಡೆ ಮುಖ ತಿರುಗಿಸಿದರು. ಹೂವು ಕೈಯಲ್ಲಿರಲಿಲ್ಲ, ತಿರುಗಿಸಬೇಕಾಗಿರಲಿಲ್ಲ. ಅಭ್ಯಾಸವಾಗಿತ್ತು.

"ಗೊತ್ತು," ಎಂದರು. "ಇಷ್ಟು ದಿನ ಅವನು ಆಸ್ಪತ್ರೇಲಿದ್ದ, ನಾನು ಕೇಳದೆ ಕೂತೆ. ಅವನಿದ್ದ ಅಂತ ಕೂತೆ. ಈಗ ಇಲ್ಲ ಅಂತ ಗೊತ್ತಾದ ಮೇಲೂ ಹೂವಿಗೋಸ್ಕರ ಅವನನ್ನ ಇನ್ನೂ ಹನ್ನೆರಡು ದಿನ ಬದುಕಿಸಿಟ್ಕೊಳ್ಲಾ? ಅವನಿಗೆ ಅಳೋರು ಬೇಡ್ವಾ, ನಾಯರೇ?"

ಅವರು ಕೈಯೂರಿ ಎದ್ದರು. ಎದ್ದವರು ಹೂವಿನ ಎಲೆಯನ್ನು ಮುಟ್ಟದೆ, ನಾರಿನ ಪಾತ್ರೆಯನ್ನು ಮುಟ್ಟದೆ, ಹಿಂದೆ ಹಿಂದೆ ನಡೆದು ಹೊಸ್ತಿಲು ದಾಟಿದರು. ನಾನು ಬಂದ ಹಾಗೆಯೇ, ಆದರೆ ನಿಧಾನವಾಗಿ. ಹೊಸ್ತಿಲು ಎತ್ತರ, ಅವರಿಗೆ ಮಂಡಿ ಮಡಚಲು ಕಷ್ಟ. ಕೈಹಿಡಿಯಲು ಹೋದೆ. "ಮಗೂನ ಹಿಡ್ಕೋ," ಎಂದರು.

ಆ ಹೊತ್ತಿನ ಪೂಜೆಗೆ ದೇವರಿಗೆ ಮಾಲೆಯಿರಲಿಲ್ಲ. ತಿರುಮೇನಿ ಬಿಡಿ ತುಳಸಿಯನ್ನೇ ಕೃಷ್ಣನ ಎದೆಯ ಮೇಲೆ ಒತ್ತಿಟ್ಟರೆಂದು ಆಮೇಲೆ ಕೇಳಿದೆ. ಮುಗಿಯದ ಮಾಲೆಯನ್ನು ಹೊರಗಿನ ಬಕುಳದ ಬುಡಕ್ಕೆ ಹಾಕಿಸಿದರಂತೆ.

ಮುತ್ತಶ್ಶಿ ನೇರ ಕೊಳಕ್ಕೆ ಇಳಿದರು. ಉಟ್ಟ ಬಟ್ಟೆಯಲ್ಲೇ ಮೂರು ಸಲ ಮುಳುಗಿ ಮೆಟ್ಟಿಲ ಮೇಲೆ ಕೂತರು. ಬಿಳಿಯ ಕೂದಲಿಂದ ನೀರು ಇಳಿಯುತ್ತಿತ್ತು.

"ಯಾವಾಗ?" ಎಂದು ಕೇಳಿದರು.

"ಬೆಳಗ್ಗೆ ಐದಕ್ಕಂತೆ."

"ಐದಕ್ಕೆ ನಾನು ತುಳಸಿ ಕೀಳ್ತಿದ್ದೆ."

ಆಮೇಲೆ ಅತ್ತರು. ಅಷ್ಟು ದೊಡ್ಡ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಅರವತ್ತೆಂಟು ವರ್ಷ ಹೂವಿನ ಎದುರು ಮೆಲ್ಲಗೆ ಮಾತಾಡಿದವರ ದನಿ ಅದು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ಎದ್ದು ನಿಂತರು. ನಿಳ ಬೆಚ್ಚಿ ಅಳತೊಡಗಿದಳು. ನಾನೂ ಅತ್ತೆ. ಅಷ್ಟರಲ್ಲಿ ಸುದೀಪ್ ಹೊಸ ಮುಂಡು ಉಟ್ಟು, ಮಗಳಿಗೊಂದು ಬೆಳ್ಳಿಯ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತ. ಏನು ಮಾಡಬೇಕೆಂದು ತೋಚದೆ ಆ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಪುಲದ ಹನ್ನೆರಡು ದಿನ ನಾನು ಊಹಿಸಿದಂತಿರಲಿಲ್ಲ. ಅವರು ಗೋಡೆ ನೋಡಿಕೊಂಡು ಕೂರುತ್ತಾರೆ, ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರೋ ಮಾತಾಡಿದರು. ಗೋಡೆ ಕಡೆ ತಿರುಗದೆ, ಮುಖಕ್ಕೆ ಮುಖ ಕೊಟ್ಟು ದಿನವಿಡೀ ತಮ್ಮನ ಮಾತು. ಅವನಿಗೆ ಉಪ್ಪಿನಕಾಯಿಯ ಮಾವಿನ ಹೋಳಿಗಿಂತ ಅದರ ಓಟೆ ಚೀಪುವುದೇ ಇಷ್ಟವಿದ್ದದ್ದು. ಪರೀಕ್ಷೆಯ ಬೆಳಗ್ಗೆಯೆಲ್ಲ ಹೊಟ್ಟೆನೋವು ಬರುತ್ತಿದ್ದದ್ದು. ಭಿಲಾಯಿಗೆ ಹೋಗುವ ದಿನ ರೈಲಿನ ಕಿಟಕಿಯಲ್ಲಿ ಕೂತು, ಅಕ್ಕಾ ನೀನು ಇಳಿದು ಹೋಗು, ನೀನಿದ್ದರೆ ಅಳು ಬರತ್ತೆ ಎಂದು ಬೈದದ್ದು.

"ಅವನ ಮಗ ಹುಟ್ಟಿದಾಗ ನಾನು ಒಂದ್ಸಲ ಹೋಗಿದ್ದೆನಲ್ಲ ಭಿಲಾಯಿಗೆ, ಮೂರು ವಾರ. ಬೆಳಗಾದ್ರೆ ಕೈ ಸುಮ್ನಿರಲ್ಲ. ಅಕ್ಕಪಕ್ಕದ ಕ್ವಾರ್ಟರ್ಸಿನ ಬೇಲೀಲೆಲ್ಲ ಕಣಗಿಲೆ ಬಿಟ್ಟಿತ್ತು. ಕಿತ್ಕೊಂಡ್ಬಂದೆ. ಗೋಡೇಲಿ ಕ್ಯಾಲೆಂಡರ್ ಕೃಷ್ಣ ಇದ್ನಲ್ಲ, ಅವನಿಗೆ ಕಟ್ಟಿದೆ. ಎರಡು ದಿನ ಆಯ್ತು. ಮೂರನೇ ದಿನ ಪಕ್ಕದ ಪಂಜಾಬಿ ಹೆಂಗಸು ಬಾಗಿಲಿಗೆ ಬಂದು ಕೂಗಾಡಿದ್ದೇ ಕೂಗಾಡಿದ್ದು. ನಂಗೇನು ಹಿಂದಿ ಬರತ್ತಾ? ಆರತಿ ಎತ್ತೋಕೆ ಕರೀತಿದಾಳೆ ಅಂತ ನಗ್ತಾ ನಿಂತಿದ್ದೆ."

"ಅಮ್ಮಾವನ್ ಬೈಲಿಲ್ವಾ?"

"ಮನೆಮನೆಗೆ ಹೋಗಿ ಕ್ಷಮೆ ಕೇಳ್ಕೊಂಡ. ಅಷ್ಟು ದೊಡ್ಡ ಕಾರ್ಖಾನೆಯ ಫೋರ್‌ಮನ್ನು! ಮಾರನೇ ಬೆಳಗ್ಗೆ ನೋಡಿದ್ರೆ ನನಗಿಂತ ಮೊದ್ಲೇ ಎದ್ದು ಚಪ್ಪಲಿ ಹಾಕ್ಕೊಂಡು ನಿಂತಿದಾನೆ. 'ನಡಿ ಅಕ್ಕ, ಕೇಳಿ ಕೀಳೋಣ' ಅಂತ. ಆಮೇಲೆ ನಾನಿದ್ದಷ್ಟು ದಿನಾನೂ ಕೆಲಸಕ್ಕೆ ಹೋಗೋ ಮುಂಚೆ ಚೀಲ ಹಿಡ್ಕೊಂಡು ನನ್ನ ಹಿಂದೆ ಬಂದ."

ಹೇಳುತ್ತಾ ನಕ್ಕರು, ನಗು ನಡುವೆ ಮುರಿಯಿತು. ನಾನು ನೀರು ತಂದುಕೊಟ್ಟೆ.

ಐದನೇ ದಿನವಿರಬೇಕು, ನನಗೆ ತಡೆಯಲಾಗಲಿಲ್ಲ. "ಎಲ್ಲ ನನ್ನಿಂದ ಆಯ್ತು ಮುತ್ತಶ್ಶಿ. ಫೋನು ತರಬಾರದಿತ್ತು. ತಂದ ಮೇಲೆ ಎದ್ದು ಹೋಗಬಾರದಿತ್ತು. ಅಲ್ಲೇ ಕೂತಿದ್ದಿದ್ರೆ..."

"ಕೂತಿದ್ದಿದ್ರೆ ನಿನ್ನ ಮುಖ ಹೇಳ್ತಿತ್ತು. ನಿನ್ನ ಮುಖ ಯಾವತ್ತು ಒಂದು ಮಾತು ಉಳಿಸ್ಕೊಂಡಿದೆ? ಮೂರು ವಾರ ಹಿತ್ತಲಿಂದ ಬರ್ತಿದ್ಯಲ್ಲ, ಇವತ್ತು ಕ್ರಿಯಾಟಿನಿನ್ ಎಷ್ಟು ಅಂತಾನೂ ಓದ್ಬಹುದಿತ್ತು."

"ನಂಬಲ್ಲ ಅಂತಿದ್ದೆ ನಾನು," ಎಂದೆ.

"ನಿನ್ನ ಕಾಲು ನಿನಗಿಂತ ಚೆನ್ನಾಗಿ ಓದಿದೆ ಬಿಡು," ಎಂದು ಮಗುವನ್ನು ಎತ್ತಿಕೊಂಡರು.

ಅಂಗಳದ ತುಳಸಿಯನ್ನು ಕೀಳುವವರಿಲ್ಲದೆ ಕದಿರು ಕಟ್ಟಿ ಬಾಗಿತ್ತು. ಕೇಪಳದ ಗೊಂಚಲು ಗಿಡದಲ್ಲೇ ಒಣಗಿ ಉದುರುತ್ತಿತ್ತು. ಅವರು ಅದರ ಪಕ್ಕದಲ್ಲೇ ದಿನಕ್ಕೆ ಹತ್ತು ಸಲ ಓಡಾಡಿದರೂ ಒಂದು ಎಸಳನ್ನೂ ಮುಟ್ಟಲಿಲ್ಲ.

ಏಳನೇ ದಿನ ಅಚ್ಯುತನ್ ನಾಯರ್ ಬಂದರು. ಪುಲದ ಮನೆಯೆಂದು ಒಳಗೆ ಬರದೆ ಗೇಟಿನ ಹೊರಗೇ ಕೊಡೆಯೂರಿ ನಿಂತರು. ಶೂಲಪಾಣಿಯ ಬಗ್ಗೆ ನಾಲ್ಕು ಮಾತಾಡಿದರು; ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆಮೇಲೆ ಕೊಡೆಯ ತುದಿಯಿಂದ ಮಣ್ಣು ಕೆದಕತೊಡಗಿದರು.

"ವ್ಯಾನ್ ಬರ್ತಿದೆ, ವಾರಸ್ಯಾರೆ."

"ಬರ್ಲೇಬೇಕಲ್ಲ. ದೇವರು ಬರಿಮೈಲಿ ಇರೋಕಾಗತ್ತಾ? ನಾರಿನಲ್ಲಾ ನೂಲಿನಲ್ಲಾ?"

"ನೂಲೇ. ನಾರು ಅವರಿಗೆ ಆಗಲ್ವಂತೆ." ಸ್ವಲ್ಪ ತಡೆದು, "ಕಮಿಟಿಯವ್ರು ಒಂದು ವರ್ಷಕ್ಕೆ ಮಾತಾಡಿಬಿಟ್ರು. ನಾನು ಬೇಡ ಅಂದೆ. ಕೈ ಎತ್ತಿದವ್ರು ಜಾಸ್ತಿ ಆದ್ರು. ತಿರುಮೇನಿ ಮಾತ್ರ ಹಟ ಹಿಡಿದು ಕೂತ್ರು. ತಲೆ ಮೇಲಿನ ಸಣ್ಣ ಮಾಲೆ ನಾರಿಂದೇ ಆಗ್ಬೇಕು, ಇಲ್ಲಾಂದ್ರೆ ಪೂಜೆಗೆ ಬೇರೆಯವ್ರನ್ನ ನೋಡ್ಕೊಳ್ಳಿ ಅಂದ್ರು. ಅದೊಂದು ನಿಮ್ಮದೇ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹೆಬ್ಬೆರಳು ದಪ್ಪದ, ಒಂದು ಗೇಣು ಉದ್ದದ ಮಾಲೆ ಅದು. ಅವರ ಕೈಗೆ ಕಾಲು ಗಂಟೆಯ ಕೆಲಸ. ದಿನಕ್ಕೆ ಹನ್ನೊಂದು ಮಾಲೆ ಕಟ್ಟುತ್ತಿದ್ದವರು.

"ತಿರುಮೇನಿಗೆ ನಾನು ನಮಸ್ಕಾರ ಹೇಳ್ದೆ ಅಂತ ಹೇಳಿ," ಎಂದರು ಮುತ್ತಶ್ಶಿ. ಆ ಮಧ್ಯಾಹ್ನ ಗಂಜಿ ಬಡಿಸಿದರೆ ಬಟ್ಟಲಲ್ಲಿ ಬೆರಳಾಡಿಸಿ ಎದ್ದರು. ಅವರಿಗೆ ನೋವಾಗಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹನ್ನೆರಡು ಕಳೆಯಿತು. ಶುದ್ಧಿಯ ನೀರು ಪ್ರೋಕ್ಷಿಸಿದ್ದಾಯಿತು. ಮರುದಿನ ಬೆಳಕು ಹರಿಯುವ ಮೊದಲೇ ಕೊಳದಲ್ಲಿ ಮುಳುಗಿ ಬಂದು, ಕದಿರು ಚಿವುಟಿ ಎಸೆದು, ಎಳೆಯ ತುಳಸಿಯನ್ನಷ್ಟೇ ಆರಿಸಿ ಬುಟ್ಟಿಗೆ ಹಾಕಿಕೊಂಡರು. ಮಂಡಿನೋವು ಹೆಚ್ಚಾಗಿತ್ತು. ನನಗೆ ಹೆದರಿಕೆ, ಮಗುವನ್ನು ಸುದೀಪನ ಪಕ್ಕ ಮಲಗಿಸಿ ಅವರ ಹಿಂದೆಯೇ ಹೋದೆ.

ಜಗಲಿಯ ಮೇಲೆ ಹಸಿರು ಪ್ಲಾಸ್ಟಿಕ್ಕಿನ ಎರಡು ಚೀಲಗಳಿದ್ದವು, ಬಾಯಿ ಬಿಗಿದವು. ಒಳಗಿನಿಂದ ಮಲ್ಲಿಗೆಯ ಘಾಟು ಬರುತ್ತಿತ್ತು. ಸರಿಯಾಗಿ ಅವರ ಮೂಲೆಯಲ್ಲೇ ಇಟ್ಟಿದ್ದರು. ಮುತ್ತಶ್ಶಿ ನಿಂತು ನೋಡಿದರು. ನನಗೆ ಚೀಲಗಳನ್ನು ಎತ್ತಿ ಆಚೆಗೆ ಎಸೆಯಬೇಕೆನಿಸಿತು. ಅಷ್ಟರಲ್ಲಿ ತಿರುಮೇನಿ ಒಳಗಿನಿಂದ ಬಂದು ಎರಡೂ ಚೀಲಗಳನ್ನು ತಾವೇ ಎತ್ತಿ ಜಗಲಿಯ ಇನ್ನೊಂದು ತುದಿಗೆ ಇಟ್ಟು ಹೋದರು.

ಮುತ್ತಶ್ಶಿ ಮೂಲೆಗೆ ನೀರು ಚಿಮುಕಿಸಿ, ಒರೆಸಿ, ಬಾಳೆಲೆ ಹಾಸಿದರು. ಸಣ್ಣ ಮಾಲೆಯನ್ನು ಕಟ್ಟಲು ನಿಜಕ್ಕೂ ಕಾಲು ಗಂಟೆಯಾಗಲಿಲ್ಲ. ತುದಿಗೆ ತುದಿ ಸೇರಿಸಿ ಎಲೆಯ ನಡುವೆ ಇಟ್ಟರು. ಆಗಿನ್ನೂ ಮೊದಲ ಪೂಜೆಗೆ ಒಂದು ಗಂಟೆಯಿತ್ತು. ಅವರು ಏಳಲಿಲ್ಲ.

ದೀಪಕ್ಕೆ ಎಣ್ಣೆ ಹಾಕಲು ಬಂದ ಅಚ್ಯುತನ್ ನಾಯರ್ ನಿಂತರು. ಅವರಿಗೆ ಏನಾದರೂ ಹೇಳಬೇಕಿತ್ತು, ಏನೆಂದು ತಿಳಿಯಲಿಲ್ಲವೆಂದು ಕಾಣುತ್ತದೆ. "ಇನ್ಮೇಲೆ ಇಷ್ಟು ಬೇಗ ಬರ್ಬೇಕಾಗಿಲ್ಲ, ವಾರಸ್ಯಾರೆ," ಎಂದರು. "ಅದೊಂದೇ ತಾನೆ. ಏಳಕ್ಕೆ ಬಂದ್ರೂ ಆಯ್ತು. ಈ ಚಳೀಲಿ ಬಂದು ಏನ್ಮಾಡ್ತೀರಿ?"

ಮುತ್ತಶ್ಶಿ ಗೋಡೆ ಕಡೆ ತಿರುಗಿದರು.

"ಕೂತ್ಕೋತೀನಿ," ಎಂದರು.